ಸಾಹೇಬರಿಗೆ ಖಾಲಿ ಮಾಡಿಕೊಟ್ಟ ಬಸ್ಸು

ವಿರೋಧ ಪಕ್ಷದ ಬೆಂಚಿನಲ್ಲಿ ಕೂತವನಿಗೆ ಮೊದಲು ಹೋಗುವುದು ಕಣ್ಣು. ಬಜೆಟ್ ಬಂತೆಂದರೆ ಇಟ್ಟಿಗೆ ಗಾತ್ರದ ಪುಸ್ತಕಗಳ ಗಂಟೊಂದನ್ನು ಕೈಗೆ ಕೊಡುತ್ತಾರೆ. ಹೇಳಬೇಕೆಂದಿರುವುದನ್ನೆಲ್ಲ ದಪ್ಪ ಅಕ್ಷರದಲ್ಲಿ, ಹೇಳಲು ಇಷ್ಟವಿಲ್ಲದ್ದನ್ನೆಲ್ಲ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ನನ್ನ ಪಾಲಿಗೆ ಬಂದದ್ದು ಇರುವೆ ಸಾಲು. ಕನ್ನಡಕ ಬದಲಾಯಿತು, ಸರ್ಕಾರಗಳೂ ಬದಲಾದವು, ನನ್ನ ಬೆಂಚು ಮಾತ್ರ ಬದಲಾಗಲಿಲ್ಲ. ನಾನು ಗೆದ್ದಾಗ ನನ್ನ ಪಕ್ಷ ಸೋತಿರುತ್ತದೆ, ಪಕ್ಷ ಗೆದ್ದಾಗ ನಾನು ಸೋತು ಮನೆಯಲ್ಲಿ ಕೂತಿರುತ್ತೇನೆ. ಇದು ಜಾತಕದ ದೋಷ ಎಂದು ನನ್ನ ಹೆಂಡತಿ ತೀರ್ಮಾನಿಸಿದ್ದಾಳೆ. ನನಗೂ ಬೇರೆ ಕಾರಣ ತೋಚಿಲ್ಲ.

ಹುಟ್ಟಿದ್ದು ಹರವೆ ಹೋಬಳಿ, ಮನೆ ಮಾಡಿರುವುದು ಗುಂಡ್ಲುಪೇಟೆ, ಇರುವುದು ಹೆಚ್ಚಾಗಿ ಕಾರಿನಲ್ಲಿ. ಮೇಲ್ಮನೆಯ ಸದಸ್ಯ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಅಧಿಕಾರವಿಲ್ಲದ ಪಕ್ಷದವನ ಕೆಲಸ ಒಂದೇ, ಕೇಳುವುದು. ಹಾಸ್ಟೆಲ್ಲಿಗೆ ಹಾಸಿಗೆ ಕೊಂಡಿರಂತೆ, ಆ ಹಾಸಿಗೆ ಹಾಸ್ಟೆಲ್ಲಿನಲ್ಲೇ ಇದೆಯೇ? ವಿಧವೆಯರ ಪಿಂಚಣಿ ಯಾಕೆ ನಿಂತಿತು? ಅಂಗನವಾಡಿಗೆ ಸೂರು ಹಾಕಿಸಿದ್ದೇವೆ ಅಂದಿರಲ್ಲ, ಒಂದು ದಿನ ಮಳೆಯಲ್ಲಿ ಅದರ ಕೆಳಗೆ ನಿಂತಿದ್ದೀರಾ? ಕೇಳಿ ಕೇಳಿ ನಾಲಿಗೆ ಸವೆಯಿತು. ಆಳುವವರು ರಿಬ್ಬನ್ ಕತ್ತರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ನಾನು ಕೇಳಿದ ಪ್ರಶ್ನೆಯಿಂದ ಒಂದು ಹಾಸ್ಟೆಲ್ಲಿಗೆ ಬಿಸಿನೀರು ಬಂದರೆ ಅಲ್ಲಿಯ ವಾರ್ಡನ್ನಿಗೂ ಗೊತ್ತಿರುವುದಿಲ್ಲ. ಬಿಡಿ, ಅದಕ್ಕೆಂದೇ ಅಲ್ಲವೇ ಸಂಬಳ.

ಹೆಂಗಸರಿಗೆ ಬಸ್ಸು ಉಚಿತವಾದಾಗ ನನ್ನ ಪಕ್ಷ ಅದನ್ನು ದುಂದುವೆಚ್ಚ ಎಂದು ಕೂಗಿತು. ನಾನೂ ಕೂಗಿದೆ. ಚಾಮರಾಜನಗರದಲ್ಲಿ ಗಂಟಲು ಹರಿದುಕೊಂಡು ಭಾಷಣ ಮಾಡಿ ಮನೆಗೆ ಬಂದರೆ, ಹೆಂಡತಿ ಆಗಷ್ಟೇ ಮೈಸೂರಿನಿಂದ ಬಂದು ಕಾಲು ಚಾಚಿ ಕೂತಿದ್ದಳು.

"ಭಾಷಣ ಚೆನ್ನಾಗಿತ್ತು ಕಣ್ರೀ. ಬಸ್ಸಲ್ಲಿ ಯಾರೋ ಮೊಬೈಲಲ್ಲಿ ಹಾಕಿದ್ರು. ಪುಕ್ಸಟ್ಟೆ ಕೂತ್ಕಂಡು ಪೂರ್ತಿ ಕೇಳ್ದೆ," ಅಂದಳು.

ಅವಳ ಮಾತಿಗೆ ಅವತ್ತು ಸಿಟ್ಟು ಬಂದದ್ದು ನಿಜ. ಆದರೆ ಇರುವೆ ಸಾಲಿನ ಅಕ್ಷರ ಓದುತ್ತಾ ಹೋದಂತೆ ನನ್ನ ಪ್ರಶ್ನೆ ಬೇರೆಯಾಯಿತು. ಟಿಕೆಟ್ಟು ಉಚಿತ, ಸರಿ. ಹತ್ತೋಣ ಅಂದರೆ ಬಸ್ಸು ಎಲ್ಲಿ? ಪಟ್ಟಣದಿಂದ ಪಟ್ಟಣಕ್ಕೆ ಹೋಗುವ ಬಸ್ಸು ತುಂಬಿ ತುಳುಕುತ್ತಿತ್ತು, ಹಾಗಾಗಿ ಹಳ್ಳಿಗೆ ಹೋಗುತ್ತಿದ್ದ ಗಾಡಿಗಳನ್ನು ತಂದು ಅಲ್ಲಿಗೆ ಹಾಕಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಪಕ್ಷದವರು ಉಚಿತ ಬೇಡ ಅನ್ನು ಅನ್ನುತ್ತಿದ್ದರು, ನಾನು ಬಸ್ಸು ಬೇಕು ಅನ್ನುತ್ತಿದ್ದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ನಮ್ಮವರಿಗೆ ತಿಳಿಸಿ ಹೇಳುವ ಹೊತ್ತಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಸುಸ್ತು ನನಗೆ.

ನಮ್ಮ ಕಡೆ ಒಂದು ರೂಢಿಯಿದೆ. ನಮ್ಮ ಪಕ್ಷದ ಮನೆಯವರು ನನ್ನಲ್ಲಿಗೆ ಬೀದಿ ಬಾಗಿಲಿನಿಂದ ಬರುತ್ತಾರೆ, ಆಳುವ ಪಕ್ಷದ ಮನೆಯ ಹೆಂಗಸರು ಅಡುಗೆಮನೆ ಬಾಗಿಲಿನಿಂದ ಬರುತ್ತಾರೆ. ಗಂಡಸರು ಬರುವುದೇ ಇಲ್ಲ. ಒಂದು ಬೆಳಿಗ್ಗೆ ಹಾಗೆ ಹಿಂಬಾಗಿಲಿಗೆ ಒಬ್ಬಾಕೆ ಬಂದಳು. ಭೀಮನಬೀಡು ದಾಟಿ ಮದ್ದೂರು ಕಾಡಿನ ಕಡೆಗೆ ಹೋದರೆ ಸಿಗುವ ಸಣ್ಣ ಊರಿನವಳು. ಅವಳ ಗಂಡ ಅಲ್ಲಿ ಆಳುವ ಪಕ್ಷದ ಮುಂದಾಳು; ಚುನಾವಣೆ ಬಂದರೆ ನನ್ನ ಪಕ್ಷದ ಚೀಟಿ ಹಂಚಲು ಊರೊಳಗೇ ಬಿಡದವನು. ನನ್ನ ಹೆಂಡತಿ ಅವಳಿಗೆ ಕಾಫಿ ಕೊಟ್ಟು ನನ್ನನ್ನು ಒಳಗೆ ಕರೆದಳು.

"ಅಣ್ಣ, ನಾನ್ ಇಲ್ಗೆ ಬಂದಿದ್ದು ನಮ್ಮೆಜಮಾನ್ರಿಗೆ ತಿಳುದ್ರೆ ಮನೇಲಿ ರಾಮಾಯ್ಣ ಆಗೋಯ್ತದೆ," ಅಂದಳು.

"ಯಾರೂ ಹೇಳಲ್ಲ ಬುಡವ್ವ. ಏನಾಯ್ತು ಹೇಳು."

"ನಮ್ಮೂರ್ ಸಂಜೆ ಬಸ್ ನಿಲ್ಸ್ಬುಟ್ರು. ಈಗ ಕಡೇ ಬಸ್ಸು ಗುಂಡ್ಲುಪ್ಯಾಟೆ ಬುಡೋದು ಮೂರ್ ಗಂಟೆಗೆ. ನಮ್ ಕೂಸು ಚಾಮ್ರಾಜನಗ್ರದಲ್ಲಿ ಡಿಗ್ರಿ ಓದ್ತಾ ಅವ್ಳೆ, ಸೈನ್ಸು. ಪ್ರಾಕ್ಟಿಕಲ್ಸ್ ಇರದೇ ಮದ್ಯಾನದ ಮ್ಯಾಲೆ. ಮೂರ್ ಗಂಟೆ ಬಸ್ ಇಡೀಬೇಕಂದ್ರೆ ಪ್ರಾಕ್ಟಿಕಲ್ಸ್ ಬುಡ್ಬೇಕು. ಪ್ರಾಕ್ಟಿಕಲ್ಸ್ ಮಾಡುದ್ರೆ ಭೀಮನಬೀಡಲ್ಲಿ ಇಳ್ದು ಕತ್ಲಲ್ಲಿ ನಡೀಬೇಕು. ದಾರಿ ತುಂಬ ಆನೆ."

"ಅವರಪ್ಪ ಏನಂತಾರೆ?"

"ಯುಗಾದಿ ಗಂಟ ನೋಡ್ತೀನಿ, ಬಸ್ ಬರ್ನಿಲ್ಲ ಅಂದ್ರೆ ಕಾಲೇಜ್ ಬುಡುಸ್ತೀನಿ ಅಂದವ್ರೆ. ಕೆಟ್ಟೋರಲ್ಲ ಅಣ್ಣ ಅವ್ರು. ಆನೆಗೆ ಎದ್ರುಕಂಡವ್ರೆ."

"ಸರ್ಕಾರ ಅವರ ಪಕ್ಷದ್ದೇ ಅಲ್ವಾ? ಅವರೇ ಕೇಳಬಹುದಲ್ಲ."

"ನಮ್ ಸರ್ಕಾರ ಬುಟ್ಟಿರ ಬಸ್ಸು ಬತ್ತಾ ಇಲ್ಲ ಅಂತ ನಾನೇ ಎಂಗ್ ಏಳ್ಲಿ ಅಂತಾರೆ," ಅಂದಳು. ಹೇಳುತ್ತಾ ಅವಳಿಗೇ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು.

ಅವಳು ಹೋದ ಮೇಲೆ ಊರಿನ ಹೆಸರು, ಬಸ್ಸಿನ ಹೊತ್ತು ಬರೆದಿಟ್ಟುಕೊಂಡೆ. ಇಷ್ಟು ವರ್ಷ ಕೇಳಿದ ಪ್ರಶ್ನೆಗಳಿಗೆ ಮುಖವಿರಲಿಲ್ಲ, ಇದಕ್ಕೆ ಇತ್ತು. ನಾನು ನೋಡಿರದ ಒಂದು ಹುಡುಗಿ ಯುಗಾದಿ ಆದ ಮೇಲೆ ಕಾಲೇಜಿಗೆ ಹೋಗುತ್ತಾಳೋ, ಚೆಂಡುಹೂವಿನ ಹೊಲಕ್ಕೆ ಹೋಗುತ್ತಾಳೋ ಅನ್ನುವುದು ಒಂದು ಬಸ್ಸಿನ ಮೇಲೆ ನಿಂತಿತ್ತು.

ಚಾಮರಾಜನಗರದ ಪರಿಶೀಲನಾ ಸಭೆಯಲ್ಲಿ ಕೇಳಿದೆ. ಆ ಸಭೆಗಳ ಸುಖ ಕೂತವರಿಗೇ ಗೊತ್ತು. ಮೇಜಿನ ಮೇಲೆ ಗೋಡಂಬಿ, ಫೈಲಿನಲ್ಲಿ ಸಾಧನೆ, ಎದುರಿಗೆ ಆಕಳಿಸುವ ಅಧಿಕಾರಿಗಳು. ಊಟದ ಹೊತ್ತಿಗೆ ಸರಿಯಾಗಿ ನನ್ನ ಸರದಿ ಬರುವಂತೆ ಮಾಡುವುದು ಅಲ್ಲಿಯ ಹಳೆಯ ಪದ್ಧತಿ. ಹಸಿದವರೆಲ್ಲ ನನ್ನನ್ನು ಶತ್ರುವಿನಂತೆ ನೋಡುತ್ತಿರುವಾಗ ನಾನು ಬಸ್ಸಿನ ಮಾತೆತ್ತಿದೆ. ಡಿಪೋದವರು ಎದ್ದು, ಆ ಮಾರ್ಗದಲ್ಲಿ ಪ್ರಯಾಣಿಕರ ಕೊರತೆ ಅಂದರು. ಹೆಂಗಸರಿಗೆಂದೇ ಇಷ್ಟೊಂದು ದುಡ್ಡು ಇಟ್ಟ ಮೇಲೆ, ಕಾಲೇಜಿನ ಹುಡುಗಿಯರನ್ನು ಆನೆ ದಾರಿಯಲ್ಲಿ ಬಿಟ್ಟು ಬರುವುದು ಯಾವ ಯೋಜನೆ ಸ್ವಾಮಿ ಎಂದು ನಾನು ಮೇಜು ಕುಟ್ಟಿದೆ. ಉಸ್ತುವಾರಿ ಮಂತ್ರಿಗಳಿಗೂ ಹಸಿವಾಗಿತ್ತೋ ಏನೋ, "ಒಂದು ವಾರ ಆ ಬಸ್ಸು ಬಿಟ್ಟು ನೋಡ್ರೀ. ನಿಮ್ಮ ಡಿಪೋದ ದೊಡ್ಡ ಸಾಹೇಬರೇ ಒಂದು ದಿನ ಕೂತು ಹೋಗಿ ಎಷ್ಟು ಜನ ಇದ್ದಾರೆ ನೋಡಲಿ. ಜನ ಇದ್ದರೆ ಮುಂದುವರಿಸಿ," ಎಂದು ಎದ್ದುಬಿಟ್ಟರು.

ನಾನು ಆ ಕಡೆ ತಲೆ ಹಾಕಲಿಲ್ಲ. ನಾನು ಹೋದರೆ ಬಸ್ಸಿಗೂ ಪಕ್ಷ ಅಂಟುತ್ತದೆ. ಬಸ್ಸು ಬಿಟ್ಟ ಮೊದಲ ದಿನದಿಂದಲೇ ಹುಡುಗಿಯರು ಬಾಗಿಲವರೆಗೂ ನಿಂತು ಹೋಗುತ್ತಿದ್ದಾರೆ ಎಂದು ಆ ತಾಯಿಯಿಂದ ಸುದ್ದಿ ಬಂತು. ಆ ವಾರ ನನಗೆ ನಿದ್ದೆ ಚೆನ್ನಾಗಿ ಬಂತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಸಭೆಯಲ್ಲಿ ವರದಿ ಓದಿದರು. ಸಾಹೇಬರು ಖುದ್ದು ಗುಂಡ್ಲುಪೇಟೆಯಿಂದ ಕೊನೆಯ ಊರಿನವರೆಗೆ ಪ್ರಯಾಣ ಮಾಡಿದ್ದಾರೆ. ಬಸ್ಸಿನಲ್ಲಿ ಇದ್ದವರು ಡ್ರೈವರ್, ಕಂಡಕ್ಟರ್ ಮತ್ತು ಸಾಹೇಬರು. ಬೇರೆ ಪ್ರಯಾಣಿಕರು ಯಾರೂ ಇಲ್ಲ. ಆದ್ದರಿಂದ ಸಂಜೆಯ ಬಸ್ಸನ್ನು ರದ್ದು ಮಾಡಲಾಗಿದೆ.

"ನಿಮ್ಮ ಆನೆಗಳೂ ಹತ್ತಲಿಲ್ಲವಲ್ರೀ," ಅಂದರು ಮಂತ್ರಿಗಳು. ಸಭೆ ಬಿದ್ದು ಬಿದ್ದು ನಕ್ಕಿತು. ನಗದಿದ್ದವರು ನಾನು ಮತ್ತು ಆ ಸಾಹೇಬರು. ಅವರು ಪಾಪ ಒಳ್ಳೆಯ ಮನುಷ್ಯ, ಕಂಡದ್ದನ್ನು ಬರೆದಿದ್ದರು.

ಕಾರಿನಲ್ಲಿ ಕೂತಾಗ ಆ ತಾಯಿಯ ಫೋನ್ ಬಂತು. ಹೊಲದಿಂದ ಮಾಡುತ್ತಿದ್ದಳು, ಗಾಳಿಯ ಸದ್ದು.

"ಏನವ್ವ ಇದು? ಬಸ್ ತುಂಬಾ ಜನ ಇರ್ತಾರೆ ಅಂದಿದ್ದೆಯಲ್ಲ!" ಎಂದು ರೇಗಿದೆ.

"ಇದ್ರು ಅಣ್ಣ! ಎಣ್ಮಕ್ಳೆಲ್ಲ ಅತ್ತಿ ಕೂತಿದ್ರು. ಸಾಯೇಬ್ರು ಬತ್ತಾರೆ ಅಂತ ನಮ್ಮೆಜಮಾನ್ರು, ಇನ್ನೂ ನಾಕ್ ಜನ ಗುಂಡ್ಲುಪ್ಯಾಟೆ ಬಸ್‌ಸ್ಟ್ಯಾಂಡಿಗೇ ಆರ ತಕ್ಕಂಡ್ ಓಗಿದ್ರು. ಅಷ್ಟ್ ದೊಡ್ಡೋರು ನಮ್ ಬಸ್ಸಲ್ ಬರೋವಾಗ ಮಕ್ಳು ಅವ್ರ ಮ್ಯಾಲೆ ಬಿದ್ಕಂಡು ನಿಂತಿದ್ರೆ ಊರ್ ಮರ್ವಾದೆ ಏನಾದದು ಅಂತ ಎಲ್ರನೂ ಇಳ್ಸುದ್ರು. ಇಳೀರಮ್ಮಿ, ಸಾಯೇಬ್ರು ಆರಾಮಾಗಿ ಓಗ್ಲಿ ಅಂತ. ಕೈಲಿದ್ದ ದುಡ್ ಕೊಟ್ಟು ಆಟೋದಲ್ಲಿ ಕಳುಸುದ್ರು. ನಮ್ ಕೂಸ್ನೂ ಅವ್ರೇ ಇಳ್ಸುದ್ರು."

ಫೋನ್ ಇಟ್ಟೆ. ಸಾಹೇಬರು ಬಂದಿರುವುದು ಜನರನ್ನು ನೋಡಲು ಎಂದು ಅವಳ ಗಂಡನಿಗೆ ಯಾರೂ ಹೇಳಿರಲಿಲ್ಲ. ದೊಡ್ಡವರು ಬಂದರೆ ಜಾಗ ಬಿಡಬೇಕು ಅನ್ನುವುದನ್ನು ಮಾತ್ರ ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದರು. ಸಾಹೇಬರು ಸೀಟಿನ ಮೇಲೆ ಒಬ್ಬರೇ, ಕೊರಳಲ್ಲಿ ಚೆಂಡುಹೂವಿನ ಹಾರ, ಕೈಯಲ್ಲಿ ಎಳನೀರು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಯಿತು. ಸಿಟ್ಟು ಬಂತು, ಅಳುವೂ ಬಂತು.

ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಆ ವರದಿ ನನ್ನ ಪಕ್ಷದವರ ಕೈಗೂ ಸಿಕ್ಕಿತು. ಬೆಂಗಳೂರಿನಲ್ಲಿ ಅಧಿವೇಶನ ನಡೆದಿತ್ತು. ನಮ್ಮ ನಾಯಕರು ಬೆನ್ನು ತಟ್ಟಿ, "ಒಳ್ಳೇದು ಹಿಡಿದುಕೊಂಡು ಬಂದಿದ್ದೀಯಲ್ಲಯ್ಯ! ಖಾಲಿ ಬಸ್ಸು ಓಡಿಸಿ ಜನರ ದುಡ್ಡು ಪೋಲು ಮಾಡ್ತಿದ್ದಾರೆ ಅಂತ ಇವತ್ತು ಬಾರಿಸು," ಅಂದರು. ಇತ್ತ ಹುಲಿ, ಅತ್ತ ದರಿ. ನನಗೆ ಸಿಕ್ಕಿದ ಪುಟ್ಟ ಹೊತ್ತಿನಲ್ಲಿ ಎದ್ದು ನಿಂತು, ಬಸ್ಸು ಖಾಲಿಯಿರಲಿಲ್ಲ, ಖಾಲಿ ಮಾಡಿಸಿದ್ದರು, ಅದೂ ಮರ್ಯಾದೆಗಾಗಿ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಆಚೆ ಬದಿಯವರು ನಕ್ಕರು, ಈಚೆ ಬದಿಯವರು ಮುಖ ತಿರುಗಿಸಿದರು. "ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು. ಆ ಶಬ್ದವನ್ನು ನಾನು ಇಷ್ಟು ಸಲ ಕೇಳಿದ್ದೇನೆಂದರೆ ಕನಸಿನಲ್ಲೂ ಯಾರಾದರೂ ಪರಿಶೀಲಿಸುತ್ತಲೇ ಇರುತ್ತಾರೆ. ನಮ್ಮ ನಾಯಕರು ಆಮೇಲೆ ಕೆಲವು ದಿನ ನನ್ನ ನಮಸ್ಕಾರಕ್ಕೂ ತಿರುಗಿ ನೋಡಲಿಲ್ಲ.

ಯುಗಾದಿ ಹತ್ತಿರ ಬರುತ್ತಿತ್ತು. ನಾನು ಕೇಳಿದರೆ ಬಸ್ಸು ಬರುವುದಿಲ್ಲ ಅನ್ನುವುದು ಸೂರ್ಯನಷ್ಟು ಸ್ಪಷ್ಟವಾಗಿತ್ತು. ಕೇಳಬೇಕಾದವನು ಒಬ್ಬನೇ, ಬಸ್ಸು ಖಾಲಿ ಮಾಡಿಸಿದ ಆ ಮಹಾರಾಯ. ಅವನು ತನ್ನ ಹೊಲದಲ್ಲಿ ಇರುವ ಹೊತ್ತು ನೋಡಿ ಒಬ್ಬನೇ ಹೋದೆ. ರಸ್ತೆ ಬದಿಗೆ ಕೇರಳದ ಕಾರುಗಳು ನಿಂತಿದ್ದವು, ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಅವರನ್ನು ಗದರಿಸಿ ಕಳಿಸಿ ತಿರುಗಿದರೆ ನಾನು. ಮುಖ ಗಂಟಿಕ್ಕಿತು. ಆದರೂ ಮೊದಲು ಬೆಲ್ಲ, ನೀರು ತಂದಿಟ್ಟ. ಬೈಯುವುದಾದರೂ ಬಂದವನ ಬಾಯಿ ಒದ್ದೆಯಾದ ಮೇಲೇ ಬೈಯುವ ಜನ.

"ಏನಪ್ಪ, ಬಸ್ಸಲ್ಲಿ ಜನ ಇದ್ದಾರಾ ಅಂತ ನೋಡೋಕೆ ಬಂದೋರ ಮುಂದೆ ಯಾರಾದ್ರೂ ಬಸ್ ಖಾಲಿ ಮಾಡಿಸ್ತಾರಾ?" ಅಂದೆ. "ಡಿಪೋ ಡ್ರೈವರ್ ಹೇಳಿದ ನನಗೆ." ಇದು ಸುಳ್ಳು, ಹೇಳಲೇಬೇಕಾಗಿತ್ತು.

ಅವನು ಬೆಲ್ಲದ ತಟ್ಟೆ ಬದಿಗೆ ಸರಿಸಿದ. "ಜನ ನೋಡಕಾ ಬಂದಿದ್ದು? ರಸ್ತೆ ನೋಡಕ್ ಬಂದವ್ರೆ ಅಂದ್ರಲ್ಲ ಸಾ."

"ಜನ ನೋಡೋಕೆ. ಯಾರೂ ಇಲ್ಲ ಅಂತ ಬರೆದರು. ಬಸ್ ನಿಂತೋಯ್ತು."

ಅವನು ಟವೆಲ್ ತೆಗೆದು ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. "ನಮ್ ಕೂಸು ಇಳಿಯಲ್ಲ ಅಂತ ಅಟ ಮಾಡ್ತು. ನಾನೇ ಗದ್ರಿ ಇಳ್ಸ್ಬುಟ್ಟೆ," ಅಂದ.

"ಆದದ್ದು ಆಯ್ತು. ಈಗ ನೀನೇ ಹೋಗಿ ನಿಮ್ಮವರನ್ನ ಕೇಳು. ನಿಮ್ಮ ನಾಯಕರ ಫೋಟೋ ಹಾಕು, ಹಾರ ಹಾಕು, ಏನಾದ್ರೂ ಮಾಡು. ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು. ಬಂದರೆ ಅವರು ಬಸ್ ಕೊಡಲ್ಲ."

"ನಿಮ್ಗೇನ್ ಬತ್ತದೆ ಸಾ ಇದ್ರಲ್ಲಿ?"

"ಸುಸ್ತು," ಅಂದೆ. ಅವನು ನಗಲಿಲ್ಲ.

ಯುಗಾದಿಗೆ ಮುಂಚೆಯೇ ಬಸ್ಸು ಬಂತು. ಬಾಳೆಕಂದು ಕಟ್ಟಿ, ಮುಂದಿನ ಗಾಜು ಮುಚ್ಚುವಷ್ಟು ದೊಡ್ಡ ಫ್ಲೆಕ್ಸ್ ಹಾಕಿ ಊರಿಗೆ ತಂದರಂತೆ. ಆ ದಿನದ ವಿಡಿಯೋವನ್ನು ಭೀಮನಬೀಡಿನಲ್ಲಿರುವ ನನ್ನ ತಂಗಿ ಫೋನಿಗೆ ಕಳಿಸಿದಳು. ಆ ಹುಡುಗಿಯ ಅಪ್ಪ ಮೈಕ್ ಹಿಡಿದು ನಿಂತಿದ್ದ. "ವಿರೋಧ ಪಕ್ಷದೋರು ನಮ್ ಬಸ್ ನಿಲ್ಸ್ಬುಟ್ರು. ಅವ್ರ ಕಣ್ಣು ನಮ್ ಎಣ್ಮಕ್ಳ ಮ್ಯಾಲೆ ಬಿತ್ತು. ನಾವು ಬುಡ್ತೀವಾ? ಓರಾಟ ಮಾಡಿ ವಾಪಸ್ ತಂದಿವಿ!" ಚಪ್ಪಾಳೆಯೋ ಚಪ್ಪಾಳೆ. ಗುಂಪಿನ ಕೊನೆಯಲ್ಲಿ ಅವನ ಹೆಂಡತಿ ತಲೆಯ ಮೇಲೆ ಸೆರಗೆಳೆದುಕೊಂಡು ನೆಲ ನೋಡುತ್ತಿದ್ದಳು.

ನನ್ನ ಹೆಂಡತಿ ಕೆಂಡವಾದಳು. "ತಾನು ತಿಂದು ಮೇಕೆ ಬಾಯಿಗೆ ಒರ್ಸೋದು ಅಂದ್ರೆ ಇದೇ ಕಣ್ರೀ! ಬಾಯ್ ಬುಟ್ಟು ಹೇಳ್ಬಾರ್ದಾ? ಊರೋರ್ಗೆಲ್ಲ ಗೊತ್ತಾಗ್ಲಿ."

"ಹೇಳಿದರೆ ಆಕೆ ನಮ್ಮ ಅಡುಗೆಮನೆಗೆ ಬಂದದ್ದೂ ಹೊರಗೆ ಬರುತ್ತೆ. ಆಮೇಲೆ ಬಸ್ಸಿಗೂ ಕಲ್ಲು ಬೀಳುತ್ತೆ. ಸುಮ್ನಿರು."

"ಸುಮ್ನಿದ್ದೂ ಸುಮ್ನಿದ್ದೂ ನಿಮ್ ಕೂದ್ಲೆಲ್ಲ ಬೆಳ್ಗಾಯ್ತು," ಅಂದು ಎದ್ದು ಹೋದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಮಾನವಾಗಲಿಲ್ಲವೇ ಅಂದರೆ, ಆಯಿತು. ಆ ವಿಡಿಯೋ ಅಳಿಸುವ ಮೊದಲು ಇನ್ನೊಂದು ಸಲ ನೋಡಿ ಇನ್ನಷ್ಟು ನೊಂದುಕೊಂಡೆ.

ಕಾಲೇಜು ಮತ್ತೆ ತೆರೆದ ಮೇಲೆ ಒಂದು ಸಂಜೆ ಭೀಮನಬೀಡಿನ ತಂಗಿಯ ಮನೆಗೆ ನಾವಿಬ್ಬರೂ ಹೊರಟೆವು. ಕಾರು ರಿಪೇರಿಗೆ ಹೋಗಿತ್ತು. ಬಸ್ಸಲ್ಲೇ ಹೋಗೋಣ ಎಂದು ಹೆಂಡತಿ ಹಟ ಹಿಡಿದಳು. ಯಾವ ಬಸ್ಸು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳಿಗೆ ಸೊನ್ನೆಯ ಟಿಕೆಟ್ಟು, ನನಗೆ ದುಡ್ಡಿನ ಟಿಕೆಟ್ಟು. "ಗಂಡಸಾಗಿ ಹುಟ್ಟಿದ್ದಕ್ಕೆ ತೆರಿಗೆ," ಎಂದು ಅವಳು ಕಿಸಕ್ಕನೆ ನಕ್ಕಳು. ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು.

ಬಸ್ಸು ಹೊರಡುವ ಹೊತ್ತಿಗೆ ಚಾಮರಾಜನಗರದ ಬಸ್ಸಿನಿಂದ ಇಳಿದ ಹುಡುಗಿಯರ ಹಿಂಡು ಓಡಿ ಬಂದು ಹತ್ತಿತು. ಬೆವರು, ಮಲ್ಲಿಗೆ, ನಗು, ಬ್ಯಾಗುಗಳು. ಒಬ್ಬಳ ತೋಳಿನ ಮೇಲೆ ಮಡಿಸಿದ ಬಿಳಿ ಕೋಟು ಇತ್ತು, ಪ್ರಾಕ್ಟಿಕಲ್ಸಿನದು. ಮುಖದಲ್ಲಿ ತಾಯಿಯ ಅಚ್ಚು. ಅವಳು ನನ್ನ ಪಕ್ಕಕ್ಕೇ ಬಂದು ಕಂಬಿ ಹಿಡಿದು ನಿಂತಳು.

"ಸಾ, ಇದು ಲೇಡೀಸ್ ಸೀಟು," ಅಂದಳು.

ಎದ್ದೆ. ಅವಳು ನನ್ನ ಹೆಂಡತಿಯ ಪಕ್ಕ ಕೂತು ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. ಊರು ದಾಟಿದ ಮೇಲೆ ಕತ್ತೆತ್ತಿ ನನ್ನನ್ನು ಇನ್ನೊಂದು ಸಲ ನೋಡಿದಳು. ಗೆಳತಿಯ ಕಿವಿಯಲ್ಲಿ ಏನೋ ಅಂದಳು. ಆಮೇಲೆ ಧೈರ್ಯ ತಂದುಕೊಂಡು ನೇರ ಕೇಳಿದಳು.

"ನೀವೇ ಅಲ್ವಾ ಸಾ ನಮ್ ಬಸ್ ನಿಲ್ಸಿದ್ದು?"

ಹೆಂಡತಿ ಬಾಯಿ ತೆರೆದಳು. ನಾನು ಅವಳ ಕಡೆ ನೋಡಿ ತಲೆಯಾಡಿಸಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

"ಈಗ ಓಡ್ತಾ ಅದಲ್ಲ, ಬುಡು ಕಣಮ್ಮಿ," ಅಂದೆ.

"ಇನ್ನೊಂದ್ಸಲ ನಿಲ್ಲುಸ್ಬ್ಯಾಡಿ ಸಾ. ನಂಗೆ ಇನ್ನೂ ಒಂದು ವರ್ಷ ಅದೆ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೇಡಿಕೊಂಡಳು, ಅದೂ ಆಳುವವರನ್ನಲ್ಲ, ನನ್ನನ್ನು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಬಸ್ಸು ನಿಲ್ಲಿಸುವಷ್ಟಾದರೂ ಅಧಿಕಾರವಿದೆ ಎಂದು ನಂಬಿದವಳು ಅವಳೊಬ್ಬಳೇ.

"ನಿಲ್ಸಲ್ಲ ಕಣಮ್ಮಿ," ಅಂದೆ. ಭೀಮನಬೀಡು ಬಂತು, ನಾವು ಇಳಿದೆವು, ಅವಳು ಕಿಟಕಿಯ ಪಕ್ಕಕ್ಕೆ ಸರಿದು ಕೂತಳು.